ಫುಟ್‌ಬಾಲ್ ಆಡುವ ಮಗನ ಆಟ ಬಿಡಿಸಬೇಕಾ?

ಗೋವಾದ ವಾಸ್ಕೋದಲ್ಲಿ ಹತ್ತನೇ ಕ್ಲಾಸು ಓದುವ ಮಗ ಸಂಜೆಯೆಲ್ಲ ಮೈದಾನದಲ್ಲೇ ಇರ್ತಾನೆ, ಆಟ ಬಿಡಿಸಲಾ ಅಂತ ಕೇಳಿದ್ದೀರಿ. ಬಿಡಿಸಬೇಡಿ ಅಕ್ಕಾರ. ಆದರೆ ಆಟ ಒಂದನ್ನೇ ನಂಬಿಕೊಳ್ಳೋಕೂ ಬಿಡಬೇಡಿ.

ನಮ್ಮಪ್ಪ ಗದಗ ಕಡೆಯವರು. ಮೊರ್ಮುಗಾಂವ್ ಬಂದರಿಗೆ ಅದಿರು ತರುವ ಬಾರ್ಜಿನಲ್ಲಿ, ಅಂದರೆ ಸರಕಿನ ದೋಣಿಯಲ್ಲಿ, ಕೆಲಸಕ್ಕಿದ್ದರು. ನಾನು ಬೈನಾದ ಹುಡುಗರ ಜೊತೆ ಕೆಮ್ಮಣ್ಣಿನ ಮೈದಾನದಲ್ಲಿ ಬಿದ್ದು ಎದ್ದು ಆಡ್ತಿದ್ದೆ. ಅವ್ವ ಅಪ್ಪನ ಅಂಗಿ, ನನ್ನ ಕಾಲುಚೀಲ ಎರಡನ್ನೂ ಒಂದೇ ಬಕೆಟ್‌ನಲ್ಲಿ ನೆನೆಹಾಕೋಳು. ಅದಿರಿನ ಧೂಳು ಯಾವುದು, ಮೈದಾನದ್ದು ಯಾವುದು ತಿಳಿಯದ ಹಾಗೆ ನೀರು ಕೆಂಪಗಾಗ್ತಿತ್ತು. 2012ರಲ್ಲಿ ಗೋವಾದ ಗಣಿಗಾರಿಕೆ ನಿಂತಿತು. ಬಕೆಟ್‌ನಲ್ಲಿ ನನ್ನ ಕಾಲುಚೀಲ ಮಾತ್ರ ಉಳೀತು.

"ಚೆಂಡು ಒದ್ದರ ಹೊಟ್ಟಿ ತುಂಬತೈತೇನಲೇ?" ಅಂತ ಅಪ್ಪ ಒಂದೇ ಒಂದು ಸಲ ಕೇಳಿದರು. ತುಂಬತೈತಿ ಅಂದೆ. ಅದೇ ವರ್ಷ ಗೋವಾ ಸರ್ಕಾರ ಫುಟ್‌ಬಾಲನ್ನು ರಾಜ್ಯದ ಕ್ರೀಡೆ ಅಂತ ಘೋಷಿಸಿತ್ತು, ನನಗೇನು ಕಡಿಮೆ ಧೈರ್ಯವೇ! ನಾಲ್ಕು ವರ್ಷ ಕಳೀತು. 2016ರಲ್ಲಿ ಗೋವಾದ ಸಾಲಗಾಂವ್ಕರ್, ಸ್ಪೋರ್ಟಿಂಗ್, ಡೆಂಪೊ ಮೂರೂ ಕ್ಲಬ್‌ಗಳು ದೇಶದ ಫುಟ್‌ಬಾಲ್ ಲೀಗ್ ಆದ ಐ-ಲೀಗ್‌ನಿಂದ ಹೊರಬಂದವು. ಡೆಂಪೊ ಅಂದರೆ ಐದು ಸಲ ದೇಶದ ಚಾಂಪಿಯನ್ ಆದ ತಂಡ. ಗಣಿ ನಿಂತಾಗ ಅಪ್ಪನ ಮುಖ ಹೇಗಿತ್ತೋ ಅವತ್ತು ನನ್ನದೂ ಹಾಗೇ ಇತ್ತು. ಪುಣ್ಯಕ್ಕೆ ಬಿ.ಕಾಂ. ನಡುವೆ ಬಿಟ್ಟಿರಲಿಲ್ಲ. ಈಗ ಒಂದು ಶಿಪ್ಪಿಂಗ್ ಏಜೆನ್ಸಿಯಲ್ಲಿ ಲೆಕ್ಕ ಬರೀತೀನಿ.

ಆಟ, ಓದು ಎರಡನ್ನೂ ತೂಗಿಸಿದವರು ಯಾರಾದರೂ ಇದ್ದಾರಾ ಅಂದಿದ್ದೀರಿ. ಮಗನಿಗೆ ಟಿ. ಆವ್ ಅವರ ಕಥೆ ಹೇಳಿ. ನಾಗಾ ಬೆಟ್ಟದ ಹುಡುಗ. ನೀನು ಡಾಕ್ಟರಾಗಿ ನಮ್ಮ ಜನರ ಸೇವೆ ಮಾಡಬೇಕು ಅನ್ನೋದು ಅವರಪ್ಪನ ಆಸೆ. ಅಪ್ಪ ಬೇಗ ತೀರಿಹೋದರು, ಮಗ ಆ ಮಾತು ಬಿಡಲಿಲ್ಲ. ಕಲಕತ್ತೆಯಲ್ಲಿ ಮೆಡಿಕಲ್ ಓದುತ್ತಲೇ ಅಲ್ಲಿನ ಮೋಹನ್ ಬಗಾನ್ ಕ್ಲಬ್‌ಗೆ ಆಡಿದರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡಕ್ಕೆ ಅವರೇ ನಾಯಕ, ಉದ್ಘಾಟನೆಯಲ್ಲಿ ದೇಶದ ಬಾವುಟ ಹಿಡಿದವರೂ ಅವರೇ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ ಫ್ರಾನ್ಸ್ ಎದುರು 2-1ರಿಂದ ಸೋತೆವು. (ನಮ್ಮ ಆ ಒಂದು ಗೋಲು ಹೊಡೆದ ರಾಮನ್ ಮೈಸೂರು ತಂಡದ ಆಟಗಾರ, ಇದನ್ನ ಹೇಳದೆ ಇರೋಕೆ ನನ್ನಿಂದ ಆಗಲ್ಲ.) ಆಮೇಲೆ ಆವ್ ಏನು ಮಾಡಿದರು? ಡಾಕ್ಟರ್ ಪದವಿ ಮುಗಿಸಿ ಊರ ಕಡೆ ಹೊರಟರು. ನಾಗಾಲ್ಯಾಂಡ್ ಆರೋಗ್ಯ ಇಲಾಖೆಯ ನಿರ್ದೇಶಕರಾಗಿ 1978ರಲ್ಲಿ ನಿವೃತ್ತರಾದರು. ನನಗೆ ಆ ಒಲಿಂಪಿಕ್ಸ್‌ಗಿಂತ ಅವರು ಊರಿಗೆ ಹೊರಟಿದ್ದೇ ದೊಡ್ಡದು ಅನ್ನಿಸುತ್ತೆ. ಕಲಕತ್ತೆಯಲ್ಲಿ ಅಷ್ಟು ಹೆಸರು ಮಾಡಿದವರು ಅಲ್ಲೇ ಉಳಿದಿದ್ದರೆ ಬೇಡ ಅನ್ನೋರು ಯಾರಿದ್ದರು?

ಇನ್ನು ನಿಮ್ಮ ಮನೆಯ ಮಾತು. ಮಗ ಆಡಿದ ಟೂರ್ನಮೆಂಟ್‌ಗಳ ಸರ್ಟಿಫಿಕೇಟು ಒಂದೂ ಕಳೀಬೇಡಿ. ಗೋವಾ ಬೋರ್ಡಿನಲ್ಲಿ ಕ್ರೀಡಾ ಅಂಕ ಸಿಗುತ್ತೆ, ಕಾಲೇಜು ಸೀಟಿಗೂ ಉಪಯೋಗಕ್ಕೆ ಬರುತ್ತೆ. ಪರೀಕ್ಷೆ ಹತ್ತಿರ ಬಂದಾಗ ಆಟ ಪೂರಾ ನಿಲ್ಲಿಸಬೇಡಿ, ಒಂದು ಗಂಟೆಗೆ ಇಳಿಸಿ. ನನ್ನದನ್ನ ಪೂರಾ ನಿಲ್ಲಿಸಿದ್ದರು. ಪುಸ್ತಕದ ಮುಂದೆ ಕೂತು ಹೊರಗೆ ಚೆಂಡು ಪುಟಿಯೋ ಸದ್ದು ಲೆಕ್ಕ ಹಾಕ್ತಿದ್ದೆ.

ಭಾನುವಾರ ಬೆಳಗ್ಗೆ ಜುವಾರಿನಗರದಲ್ಲಿ ನಾವು ಮೂರು ಜನ ಗೆಳೆಯರು ಕೂಲಿ ಕೆಲಸದವರ ಮಕ್ಕಳನ್ನ ಸೇರಿಸ್ತೀವಿ. ಮೊದಲು ಒಂದು ತಾಸು ಗಣಿತ, ಆಮೇಲೆ ಚೆಂಡು. ಅರ್ಧ ಹುಡುಗರು ಬರೋದು ಚೆಂಡಿಗೇ, ಗೊತ್ತು. ನಿಮ್ಮ ಹುಡುಗನನ್ನೂ ಕಳಿಸಿ. ಹಳೇ ಬೂಟಾದರೂ ಸಾಕು, ಗಣಿತದ ಪುಸ್ತಕ ಮರೀದೆ ತರಲಿ.