ರಾತ್ರಿ ದಾಟಿದ್ದು ಯಾವುದು? ಮಣ್ಣಿನ ದಾರಿಗೆ ಟೈರ್ ಎಳೆದು ಹೆಜ್ಜೆ ನೋಡುವ ಬಗೆ

ಕಾಡಂಚಿನ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಈ ಸಲ ಒಂದೇ ವಿಷಯದವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ.

ನಮ್ಮ ತೋಟದ ಜೀಪ್ ದಾರಿಯಲ್ಲಿ ಆನೆ, ಕಾಡುಹಂದಿ, ಕಡವೆ ಎಲ್ಲದರ ಹೆಜ್ಜೆಯೂ ಇರುತ್ತದೆ. ಯಾವುದು ನಿನ್ನೆ ರಾತ್ರಿಯದು, ಯಾವುದು ಹೋದ ವಾರದ್ದು ಎಂದು ತಿಳಿಯುವುದಿಲ್ಲ. ದಾರಿಗೆ ಟೈರ್ ಎಳೆದರೆ ಗೊತ್ತಾಗುತ್ತದಂತೆ, ಹೌದೇ? ಎಳೆಯುವುದು ಹೇಗೆ?
– ಕಾಫಿ ಬೆಳೆಗಾರರು, ಆಲೂರು ತಾಲ್ಲೂಕು

ಹೌದು. ಮಳೆ, ಗಾಳಿ, ಓಡಾಟ ಇಲ್ಲದ ಕಡೆ ಹೆಜ್ಜೆ ಎಷ್ಟೋ ದಿನ ಹಾಗೇ ಕೂತಿರುತ್ತದೆ. ಅದು ಎರಡು ದಿನದ್ದೋ ನಾಲ್ಕು ದಿನದ್ದೋ ಎಂದು ನುರಿತವರೂ ತಡವರಿಸುತ್ತಾರೆ. ಸಂಜೆಯೇ ಎಲ್ಲ ಗುರುತನ್ನೂ ಅಳಿಸಿಬಿಟ್ಟರೆ ಬೆಳಿಗ್ಗೆ ಕಂಡದ್ದೆಲ್ಲ ಆ ರಾತ್ರಿಯದೇ. ಟೈರ್ ಎಳೆಯುವುದರಿಂದ ನಿಮಗೆ ಸಿಗುವುದು ಹೊತ್ತಿನ ಲೆಕ್ಕ. ಅಮೆರಿಕದ ಅರಿಝೋನಾ, ಟೆಕ್ಸಸ್ ಕಡೆ ಗಡಿ ಕಾಯುವವರು ಮನುಷ್ಯರ ಹೆಜ್ಜೆ ನೋಡಲು, ಬೇಟೆಗಾರರು ಕಾಡುಬೆಕ್ಕಿನಂಥ ಪ್ರಾಣಿಗಳ ಜಾಡು ಹಿಡಿಯಲು ಇದನ್ನೇ ಮಾಡುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಗೆ ನಿಷೇಧವಿದೆ. ಇಲ್ಲಿ ಇದರ ಉಪಯೋಗ ಜನರ ಎಚ್ಚರಿಕೆಗೆ.

ಮೂರು ಹಳೆಯ ಕಾರ್ ಟೈರ್ ಸಾಕು. ಮುಂದೆ ಒಂದು, ಹಿಂದೆ ಎರಡು ಬರುವಂತೆ ಮಲಗಿಸಿ, ಮೂರನ್ನೂ ಒಂದಕ್ಕೊಂದು ಬಿಗಿಯಿರಿ. ಹಗ್ಗ ಬೇಡ, ಮಣ್ಣಿಗೆ ಉಜ್ಜಿ ಸವೆದು ಹರಿಯುತ್ತದೆ. ಟೈರಿಗೆ ತೂತು ಕೊರೆದು ಸರಪಳಿ ಹಾಕಿ, ದೊಡ್ಡ ವಾಷರ್ ಕೊಟ್ಟು ನಟ್ಟು ಬೋಲ್ಟು ಬಿಗಿ ಮಾಡಿ. ಮುಂದಿನ ಟೈರಿನಿಂದ ವಾಹನಕ್ಕೆ 4ರಿಂದ 5 ಮೀಟರ್ ಸರಪಳಿ ಇರಲಿ. ಗಿಡ್ಡವಾದರೆ ಮುಂದಿನ ಟೈರ್ ಎತ್ತಿಕೊಂಡು ಕುಣಿಯುತ್ತದೆ. ಸವೆದು ತಂತಿ ಹೊರಬಂದ ಟೈರನ್ನು ಮಾತ್ರ ಖಂಡಿತ ಬಳಸಬೇಡಿ. ಉದುರಿದ ತಂತಿ ತುಂಡು ಪ್ರಾಣಿಯ ಪಾದಕ್ಕೋ ನಿಮ್ಮ ಕೆಲಸದವರ ಕಾಲಿಗೋ ಚುಚ್ಚುವುದು ಗ್ಯಾರಂಟಿ.

ಮಣ್ಣು ಗಟ್ಟಿಯಿದ್ದರೆ ಕಾರ್ ಟೈರಿನ ಭಾರ ಸಾಲದು. ಮೇಲೆ ಮರದ ದಿಮ್ಮಿ ಕಟ್ಟಿ, ಇಲ್ಲವೇ ಮೊದಲ ಸಲಕ್ಕೆ ಹಲುಬೆ ಎಳೆದು ಮೇಲ್ಪದರ ಬಿಡಿಸಿ, ಆಮೇಲೆ ಟೈರ್ ಎಳೆಯಿರಿ. ಟ್ರ್ಯಾಕ್ಟರ್ ಇಲ್ಲದವರಿಗೆ ಎತ್ತು, ಕೊರಡು ಸಾಕು. ಎತ್ತಿನ ಗೊರಸಿನ ಗುರುತನ್ನು ಹಿಂದೆ ಬರುವ ಕೊರಡೇ ಒರೆಸಿಕೊಂಡು ಹೋಗುತ್ತದೆ. ಎತ್ತು ಹೊಡೆಯುವವರು ಮಾತ್ರ ಕೊರಡಿನ ಮುಂದೆ ನಡೆಯಬೇಕು.

ವೇಗ ಗಂಟೆಗೆ 8ರಿಂದ 10 ಕಿ.ಮೀ. ಮೀರದಿರಲಿ. ಅವಸರ ಮಾಡಿದರೆ ಟೈರ್ ಪುಟಿದು ದಾರಿಯುದ್ದಕ್ಕೂ ಅಲೆಅಲೆಯಾಗಿ ದಿಣ್ಣೆ ಬೀಳುತ್ತವೆ. ಮರುದಿನ ಅದೇ ದಿಣ್ಣೆಗೆ ಟೈರ್ ಮತ್ತೆ ಪುಟಿಯುತ್ತದೆ, ವಾರದಲ್ಲಿ ದಾರಿ ಕೆಟ್ಟುಹೋಗುತ್ತದೆ. ಹೋಗುತ್ತ ಒಂದು ಬದಿ, ಬರುತ್ತ ಇನ್ನೊಂದು ಬದಿ ಎಳೆಯಿರಿ, ನಡುವೆ ಒಂದಡಿಯಷ್ಟು ಒಂದರ ಮೇಲೊಂದು ಬರಲಿ. ಇಲ್ಲದಿದ್ದರೆ ನಟ್ಟನಡುವೆ ಮಣ್ಣಿನ ಏರು ಉಳಿಯುತ್ತದೆ. ಪ್ರಾಣಿಗಳೋ ಎಷ್ಟೋ ಸಲ ಅದೇ ಏರಿನ ಮೇಲೆ ನಡೆದುಹೋಗುತ್ತವೆ, ಹೆಜ್ಜೆ ಮೂಡುವುದಿಲ್ಲ.

ನಮ್ಮದು ಒಂದು ಕಡೆ ಮುರಕಲ್ಲಿನ ದಾರಿ, ಇನ್ನೊಂದು ಕಡೆ ಹಿಟ್ಟಿನಂಥ ಧೂಳು. ಎರಡರಲ್ಲೂ ಹೆಜ್ಜೆ ಸರಿಯಾಗಿ ಬೀಳುತ್ತಿಲ್ಲ.
– ಓದುಗರು, ತೀರ್ಥಹಳ್ಳಿ

ಚೆನ್ನಾಗಿ ಹೆಜ್ಜೆ ಹಿಡಿಯುವುದು ಸ್ವಲ್ಪ ಮರಳು ಸೇರಿದ ಕೆಮ್ಮಣ್ಣು, ಅದೂ ಮಳೆ ಬಂದು ಎರಡು ಮೂರು ದಿನವಾದ ಮೇಲೆ. ಸಡಿಲ ಪದರ ಒಂದು ಸೆಂ.ಮೀ. ಇದ್ದರೆ ಸಾಕು. ಎರಡು ಮೂರು ಸೆಂ.ಮೀ. ಧೂಳಾದರೆ ಪಾದ ಎತ್ತಿದೊಡನೆ ಅಂಚು ಒಳಗೆ ಕುಸಿಯುತ್ತದೆ. ಉಗುರು, ಬೆರಳು ಯಾವುದೂ ಕಾಣದು, ಗುರುತು ಇದ್ದದ್ದಕ್ಕಿಂತ ದೊಡ್ಡದಾಗಿ ತೋರುತ್ತದೆ. ಇಂಥ ಕಡೆ ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಚಿಮುಕಿಸಿ, ಹೊತ್ತು ಮುಳುಗುವ ಮುಂಚೆ ಟೈರ್ ಎಳೆಯಿರಿ. ಹಿಡಿ ಮಣ್ಣು ಅಮುಕಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಅದೇ ಹದ.

ಮುರಕಲ್ಲಿಗೆ ಟೈರ್ ಎಳೆದು ಫಲವಿಲ್ಲ. ಪ್ರಾಣಿ ದಾಟುವ ಜಾಗ ಗೊತ್ತು ಮಾಡಿಕೊಂಡು, ಅಲ್ಲಿ ಮಾತ್ರ ಜರಡಿ ಹಿಡಿದ ಮಣ್ಣು ಹಾಸಿ. ಹುಲಿ ಸಂರಕ್ಷಿತ ಪ್ರದೇಶಗಳಲ್ಲೂ ಕಾಡುದಾರಿಗಳಲ್ಲಿ ಹೀಗೆ ಹೆಜ್ಜೆ ಹಾಸು ಮಾಡುವ ರೂಢಿಯಿದೆ. 5 ಮೀಟರ್ ಉದ್ದ, 3 ಮೀಟರ್ ಅಗಲ, ಒಂದು ಸೆಂ.ಮೀ. ದಪ್ಪಕ್ಕೆ 150 ಲೀಟರ್ ಮಣ್ಣು ಬೇಕು, ಅಂದರೆ ಗಾರೆ ಕೆಲಸದ ಬಾಂಡ್ಲಿಯಲ್ಲಿ ಸುಮಾರು 12ರಿಂದ 15. ದಾರಿಯ ಪೂರ್ತಿ ಅಗಲಕ್ಕೂ ಹಾಸಿ. ಬದಿಯಲ್ಲಿ ಅರ್ಧ ಮೀಟರ್ ಬಿಟ್ಟರೂ ಚಿರತೆ ಅಲ್ಲೇ ನುಸುಳಿಕೊಂಡು ಹೋದೀತು. ತರಗೆಲೆ ಉದುರುವ ಕಾಲದಲ್ಲಿ ಮೊದಲು ಪೊರಕೆಯಿಂದ ಗುಡಿಸಬೇಕು, ಎಲೆಯ ಮೇಲೆ ಬಿದ್ದ ಹೆಜ್ಜೆ ಮಣ್ಣಿಗೆ ಇಳಿಯುವುದಿಲ್ಲ.

ಕಬ್ಬಿನ ಗದ್ದೆಯ ಪಕ್ಕದ ದಾರಿ ಸವರಿದ್ದೆವು. ಬೆಳಿಗ್ಗೆ ಕಂಡದ್ದು ಚಿರತೆಯೋ ನಾಯಿಯೋ ಎಂದು ಊರಿನಲ್ಲಿ ಜಗಳ. ಉಗುರಿನ ಗುರುತು ಇರಲಿಲ್ಲ.
– ರೈತರು, ಟಿ. ನರಸೀಪುರ

ಉಗುರೊಂದನ್ನೇ ನಂಬಬೇಡಿ. ಉಗುರು ಸವೆದ ನಾಯಿಯ ಹೆಜ್ಜೆಯಲ್ಲೂ ಅದು ಮೂಡದಿರಬಹುದು, ಜಾರುವ ಕೆಸರಿನಲ್ಲಿ ಚಿರತೆಯೂ ಉಗುರು ಊರಬಹುದು. ಮೊದಲು ಹಿಂದಿನ ದೊಡ್ಡ ಮೆತ್ತೆ ನೋಡಿ. ಚಿರತೆಯದಾದರೆ ಅದು ಅಗಲವಾಗಿದ್ದು, ಹಿಂಬದಿಯ ಅಂಚಿನಲ್ಲಿ ಮೂರು ಉಬ್ಬು ಇರುತ್ತವೆ. ಬೆರಳುಗಳಲ್ಲಿ ಒಂದು ಉಳಿದವಕ್ಕಿಂತ ಮುಂದೆ ಚಾಚಿರುತ್ತದೆ. ನಾಯಿಗೆ ನಡುವಿನ ಎರಡು ಬೆರಳು ಸಮಸಮ, ಮೆತ್ತೆ ಚಿಕ್ಕದು, ತ್ರಿಕೋನದಂತೆ. ನಾಯಿಯ ಬೆರಳು, ಮೆತ್ತೆಗಳ ನಡುವಿನ ಸಂದಿನಲ್ಲಿ ಕಡ್ಡಿಯಿಂದ ಗುಣಾಕಾರದ ಚಿಹ್ನೆ ಎಳೆದರೆ ಯಾವುದಕ್ಕೂ ತಾಗದೆ ಹಾದುಹೋಗುತ್ತದೆ. ಚಿರತೆಯದರಲ್ಲಿ ಗೆರೆ ಮೆತ್ತೆಗೆ ಬಡಿಯುತ್ತದೆ.

ಅಗಲ ಅಳೆಯುವಾಗ ಧೂಳು ಚೆಲ್ಲಿದ ಹೊರ ಅಂಚು ಬಿಟ್ಟು, ಪಾದ ಒತ್ತಿದ ತಳವನ್ನಷ್ಟೇ ಅಳೆಯಿರಿ. ದೊಡ್ಡ ಚಿರತೆಯದು ಸಾಮಾನ್ಯವಾಗಿ 7ರಿಂದ 9 ಸೆಂ.ಮೀ. ಹತ್ತು ದಾಟಿದರೆ ಹುಲಿಯಿರಬಹುದು ಎಂದುಕೊಂಡೇ ಅರಣ್ಯ ಇಲಾಖೆಗೆ ತಿಳಿಸಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಫೋನನ್ನು ನೇರ ಮೇಲಿನಿಂದ ಹಿಡಿದು ಚಿತ್ರ ತೆಗೆಯಿರಿ. ಒಂದೇ ಹೆಜ್ಜೆ ಸಾಲದು, ಸಾಲಾಗಿ ನಾಲ್ಕೈದರದ್ದು ಬೇಕು. ಬೋನು ಎಲ್ಲಿಡಬೇಕು ಎಂಬುದನ್ನು ಇಲಾಖೆಯವರೇ ತೀರ್ಮಾನಿಸುತ್ತಾರೆ. ಗದ್ದೆಯ ಯಾವ ಮಗ್ಗುಲಿಂದ ಅದು ಹೊಕ್ಕಿತು ಎಂದು ನೀವು ತೋರಿಸಿದರೆ ಅವರ ಅರ್ಧ ಕೆಲಸ ಆದಂತೆ.

ಹನ್ನೆರಡು ಸಲ ಹೆಜ್ಜೆ ದಾಟಿದ್ದರೆ ಹನ್ನೆರಡು ಹಂದಿ ಎಂದು ಲೆಕ್ಕವೇ?
– ಓದುಗರು, ಸಿರಾ

ಅಲ್ಲ. ಒಂದೇ ಹಂದಿ ಆರು ಸಲ ಹೋಗಿ ಆರು ಸಲ ಬಂದಿರಬಹುದು. ಹೆಜ್ಜೆ ನೋಡಿ ತಲೆ ಎಣಿಸುವುದು ಹಿಂದೆ ಹುಲಿ ಗಣತಿಯಲ್ಲೇ ಇತ್ತು. 1972ರ ದೇಶವ್ಯಾಪಿ ಗಣತಿ ನಡೆದದ್ದು ಹಾಗೆಯೇ. ಹೆಜ್ಜೆಯಿಂದ ಒಂದೊಂದು ಹುಲಿಯನ್ನೂ ಗುರುತಿಸಲಾಗದು ಎಂದು ನಾಗರಹೊಳೆಯಲ್ಲಿ ಕೆಲಸ ಮಾಡಿದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ವಾದಿಸುತ್ತಲೇ ಬಂದರು. ರಾಜಸ್ಥಾನದ ಸರಿಸ್ಕಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹುಲಿಗಳೇ ಉಳಿದಿಲ್ಲ ಎಂಬುದು 2005ರಲ್ಲಿ ಬಯಲಾದ ಮೇಲೆ ಆ ಪದ್ಧತಿ ಕೈಬಿಟ್ಟು ಕ್ಯಾಮೆರಾಗಳ ಮೊರೆಹೋದರು.

ನೀವು ಎಣಿಸಬೇಕಾದ್ದು ದಾಟಿದ ಸಲವನ್ನು. 2 ಕಿ.ಮೀ. ದಾರಿಯಲ್ಲಿ ಮೂರು ರಾತ್ರಿ ಸೇರಿ 12 ದಾಟು ಕಂಡರೆ, ರಾತ್ರಿಗೆ ಕಿ.ಮೀ.ಗೆ 2. ಮುಂದಿನ ತಿಂಗಳೂ ಅದೇ ದಾರಿ, ಅದೇ ಹದ, ಅಷ್ಟೇ ರಾತ್ರಿ. ಮಳೆ ಬಿದ್ದ, ಗಾಳಿ ಬೀಸಿದ ರಾತ್ರಿಯನ್ನು ಲೆಕ್ಕದಿಂದ ಬಿಡಿ. ಓಡಾಟ ಹೆಚ್ಚಿತೋ ಇಳಿಯಿತೋ ಅಷ್ಟು ತಿಳಿಯುತ್ತದೆ.

ಮೀಸಲು ಅರಣ್ಯದೊಳಗಿನ ದಾರಿಗೂ ಎಳೆಯಬಹುದೇ?
– ಓದುಗರು, ಖಾನಾಪುರ

ಕೂಡದು. ಸ್ವಂತ ಜಮೀನಿನ ದಾರಿಗಷ್ಟೇ. ಕಾಡಿನೊಳಗೆ ಅದು ಇಲಾಖೆಯ ಕೆಲಸ.

ರಾತ್ರಿ ಎಷ್ಟು ಹೊತ್ತಿಗೆ ದಾಟಿತು ಎಂದು ತಿಳಿಯುವುದು ಸಾಧ್ಯವೇ? ಬೆಳಿಗ್ಗೆ ಕೆಲಸದವರನ್ನು ತೋಟಕ್ಕೆ ಬಿಡಬಹುದೇ ಎಂದು ನೋಡಬೇಕಿತ್ತು.
– ಬೆಳೆಗಾರರು, ಸಿದ್ದಾಪುರ, ಕೊಡಗು

ಇಬ್ಬನಿಯ ಕಾಲದಲ್ಲಿ ಸ್ವಲ್ಪ ಮಟ್ಟಿಗೆ ಸಾಧ್ಯ. ಬಗ್ಗಿ ಹೆಜ್ಜೆಯ ತಳ ನೋಡಿ. ಎಲೆಯಿಂದ ತೊಟ್ಟಿಕ್ಕಿದ ಹನಿಯ ಸಣ್ಣ ಕುಳಿಗಳು ಅದರೊಳಗೂ ಇದ್ದರೆ, ಹುಳದ ಕಾಲಿನ ಚುಕ್ಕಿಸಾಲು ಅದನ್ನು ಅಡ್ಡ ಹಾದಿದ್ದರೆ, ಪ್ರಾಣಿ ಹೋಗಿ ಬಹಳ ಹೊತ್ತಾಗಿದೆ. ಸುತ್ತ ಕುಳಿಗಳಿದ್ದು ಹೆಜ್ಜೆಯೊಳಗೆ ನುಣುಪಾಗಿದ್ದರೆ, ಒದ್ದೆ ಮೇಲ್ಪದರ ಒಡೆದು ಕೆಳಗಿನ ಒಣಮಣ್ಣು ಮೇಲೆ ಬಂದಿದ್ದರೆ, ಬೆಳಗಿನ ಜಾವದ್ದು. ಬಿಸಿಲು ಓರೆಯಾಗಿರುವಾಗಲೇ ನೋಡಬೇಕು, ಸೂರ್ಯ ಮತ್ತು ನಿಮ್ಮ ನಡುವೆ ಹೆಜ್ಜೆ ಬರಬೇಕು. ನೆತ್ತಿಬಿಸಿಲಿಗೆ ನೆರಳೇ ಇರದೆ ಒಳ್ಳೆಯ ಹೆಜ್ಜೆಯೂ ಮಾಯವಾಗುತ್ತದೆ.

ಆದರೆ ಆನೆಯ ವಿಷಯದಲ್ಲಿ ಕೆಲಸದವರ ಜೀವವನ್ನು ಈ ಅಂದಾಜಿಗೆ ಒಪ್ಪಿಸಬೇಡಿ. ತೋಟದ ನಡುವಿನ ದಾರಿಯೊಂದನ್ನೇ ಸವರಿದರೆ ಆನೆ ದಾಟಿತೆಂದು ತಿಳಿಯುತ್ತದೆ, ಈಗೆಲ್ಲಿದೆ ಎಂದಲ್ಲ. ಕೆಲಸ ನಡೆಯುವ ತಾಕಿನ ಸುತ್ತ ನಾಲ್ಕೂ ಬದಿಯ ದಾರಿ ಸವರಿ. ಹೊತ್ತು ಚೆನ್ನಾಗಿ ಮೂಡಿದ ಮೇಲೆ ಇಬ್ಬರು ಜೀಪಿನಲ್ಲಿ ಸುತ್ತು ಹಾಕಿ, ಎಂಜಿನ್ ಆರಿಸದೆ ನೋಡಿ. ಆನೆಯ ಮುಂಗಾಲಿನ ಗುರುತು ದುಂಡು, ಹಿಂಗಾಲಿನದು ಉದ್ದನೆ. ಉಗುರಿನ ಗುರುತು ಇರುವ ಬದಿಯೇ ಅದು ಹೋದ ದಿಕ್ಕು. ಮುಂಗಾಲಿನ ಗುರುತಿನ ಸುತ್ತಳತೆಯ ಎರಡರಷ್ಟು ಅದರ ಹೆಗಲಿನ ಎತ್ತರ. ಸುತ್ತಳತೆ 130 ಸೆಂ.ಮೀ. ಬಂದರೆ ಎತ್ತರ ಸುಮಾರು 260. ಒಳಗೆ ಎಷ್ಟು ಹೋದವು, ಹೊರಗೆ ಎಷ್ಟು ಬಂದವು ಎಂದು ಬೇರೆ ಬೇರೆ ಬರೆದುಕೊಳ್ಳಿ. ಒಳಹೋದ ಹೆಜ್ಜೆ ಇದ್ದು ಹೊರಬಂದದ್ದು ಸಿಗದಿದ್ದರೆ, ಅಥವಾ ಒಂದು ಬದಿಯಲ್ಲಾದರೂ ಮಣ್ಣು ಸರಿಯಾಗಿ ಹೆಜ್ಜೆ ಹಿಡಿದಿಲ್ಲ ಎಂಬ ಅನುಮಾನ ಬಂದರೆ, ಆ ದಿನ ಆ ತಾಕಿಗೆ ಯಾರನ್ನೂ ಇಳಿಸಬೇಡಿ. ಇಲಾಖೆಯ ಆನೆ ಕಾವಲು ತಂಡಕ್ಕೆ ಫೋನ್ ಮಾಡಿ, ಕೆಲಸವನ್ನು ಬೇರೆ ತಾಕಿಗೆ ಹಾಕಿಕೊಳ್ಳಿ.