ಹಳೆಯ ಆಫ್‌ರೋಡ್ ಗಾಡಿ: ಕೈಕೊಡದ್ದನ್ನು ಕೊಳ್ಳಲೇ, ಮನಸ್ಸಿಗೆ ಹಿಡಿಸಿದ್ದನ್ನು ಕೊಳ್ಳಲೇ?

ನಿಮ್ಮ ಮುಂದೆ ಎರಡು ಗಾಡಿಗಳಿವೆ ಎಂದಿದ್ದೀರಿ. ಒಂದು, ತೊಂಬತ್ತರ ದಶಕದ ಟೊಯೊಟಾ ಲ್ಯಾಂಡ್ ಕ್ರೂಸರ್ 80, 1ಎಚ್‌ಝಡ್ ಡೀಸೆಲ್ ಎಂಜಿನ್‌ನದು. ಇನ್ನೊಂದು, ಅದೇ ಕಾಲದ ಲ್ಯಾಂಡ್ ರೋವರ್ ಡಿಫೆಂಡರ್ 110, 300 ಟಿಡಿಐ ಎಂಬ ಡೀಸೆಲ್ ಎಂಜಿನ್‌ನದು. ತಿಳಿದವರೆಲ್ಲ ಕ್ರೂಸರ್ ತಗೊಳ್ಳಿ, ಅದು ದಾರಿಯಲ್ಲಿ ನಿಲ್ಲಿಸುವುದಿಲ್ಲ ಎನ್ನುತ್ತಿದ್ದಾರೆ. ನಿಮಗೆ ಮಾತ್ರ ಡಿಫೆಂಡರ್ ನೋಡಿ ಬಂದ ದಿನದಿಂದ ಅದೇ ಧ್ಯಾನ. ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ.

ಈ ಎರಡೂ ಕುಲದ ಗಾಡಿಗಳನ್ನು ಇಟ್ಟುಕೊಂಡು, ಅವುಗಳ ಅಡಿಯಲ್ಲಿ ಮಲಗಿ ಕೈ ಮಸಿ ಮಾಡಿಕೊಂಡವನು ನಾನು. ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಓಡಿದ ಗಾಡಿಯ ವಿಷಯದಲ್ಲಿ ‘ಕೈಕೊಡುವುದಿಲ್ಲ’ ಎಂಬ ಮಾತನ್ನು ಕಂಪನಿಯ ಹೆಸರಿನ ಮೇಲೆ ಹೇಳಲಾಗದು. ನಿಮ್ಮ ಎದುರಿಗೆ ನಿಂತಿರುವ ಆ ಒಂದು ಗಾಡಿಯನ್ನು ನೋಡಿಯೇ ಹೇಳಬೇಕು. ಕಾರ್ಖಾನೆ ಕೊಟ್ಟ ಗಟ್ಟಿತನವನ್ನು ಹಿಂದಿನ ಮಾಲೀಕರು ಅರ್ಧಕ್ಕರ್ಧ ಖರ್ಚು ಮಾಡಿರುತ್ತಾರೆ. ಉಳಿದದ್ದೆಷ್ಟು ಎಂಬುದು ಅವರು ಬದಲಿಸಿದ ಆಯಿಲ್, ಕೂಲಂಟ್, ಬೆಲ್ಟುಗಳಲ್ಲಿದೆ. ಆದರೆ ಗಾಡಿಯ ಗತ್ತು ಹಾಗೆ ಖರ್ಚಾಗುವುದಿಲ್ಲ. ಕಾರ್ಖಾನೆಯಿಂದ ಹೊರಬಂದ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ ಇರುತ್ತದೆ. ಹಾಗಾಗಿ ನಿಮ್ಮ ಸ್ನೇಹಿತರು ತಕ್ಕಡಿಯ ಒಂದು ಬದಿಗೆ ಇಟ್ಟಿರುವ ತೂಕ ನಿಜಕ್ಕೂ ಅಷ್ಟಿದೆಯೇ ಎಂದು ಮೊದಲು ನೋಡಬೇಕು.

ಕ್ರೂಸರ್‌ನಿಂದ ಶುರು ಮಾಡೋಣ. 1ಎಚ್‌ಝಡ್ ಎಂದರೆ 4.2 ಲೀಟರ್, ಆರು ಸಿಲಿಂಡರ್ ಸಾಲಾಗಿ ನಿಂತ, ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಸಾಧನ) ಇಲ್ಲದ ಡೀಸೆಲ್. ಅಷ್ಟು ದೊಡ್ಡ ಎಂಜಿನ್‌ನಿಂದ ತೆಗೆಯುವುದು ಸುಮಾರು 130 ಅಶ್ವಶಕ್ತಿ ಮಾತ್ರ. ತನ್ನ ಶಕ್ತಿಯ ಅಂಚಿಗೆ ಹೋಗಿ ದುಡಿಯುವ ಪ್ರಸಂಗವೇ ಅದಕ್ಕೆ ಬರುವುದಿಲ್ಲ. ಅದು ಬಾಳುವುದರ ಗುಟ್ಟು ಅಲ್ಲಿದೆ. ಆಯಿಲ್ ಬದಲಿಸುವುದು ತಡವಾದರೂ, ಫಿಲ್ಟರ್ ಕಟ್ಟಿಕೊಂಡರೂ ಸಹಿಸಿಕೊಂಡು ಓಡುತ್ತದೆ. ಈ ಸಹನೆಯೇ ಹಳೆಯ ಕ್ರೂಸರ್ ಕೊಳ್ಳುವವರಿಗೆ ಅಪಾಯ. ಏನು ಮಾಡಿದರೂ ಓಡುತ್ತದೆ ಎಂಬ ಖ್ಯಾತಿ ಇರುವ ಗಾಡಿಗೆ ಜನ ಏನೂ ಮಾಡದೆ ಓಡಿಸುತ್ತಾರೆ. ಎಂಜಿನ್‌ನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಅದರ ಟೈಮಿಂಗ್ ಬೆಲ್ಟನ್ನು ಸಾಮಾನ್ಯವಾಗಿ 1 ಲಕ್ಷ ಕಿಲೋಮೀಟರಿಗೆ ಬದಲಿಸಬೇಕು. ಬದಲಿಸಿದ ದಾಖಲೆ ಕೇಳಿದರೆ ‘ಇದು ಟೊಯೊಟಾ ಸಾರ್’ ಎಂಬ ಉತ್ತರ ಬರುವುದುಂಟು. ಆ ಉತ್ತರ ಕೇಳಿದರೆ ಬೆಲ್ಟ್ ಬದಲಾಗಿಲ್ಲ ಎಂದೇ ತಿಳಿಯಿರಿ.

ಇನ್ನೊಂದು ಮಾತು. 1ಎಚ್‌ಝಡ್‌ಗೆ ಯಾರಾದರೂ ಹೊರಗಿನಿಂದ ಟರ್ಬೊ ಕೂರಿಸಿದ್ದಾರಾ ನೋಡಿ. ಆ ಎಂಜಿನ್‌ನಲ್ಲಿ ಡೀಸೆಲ್ ಮೊದಲು ಸಿಲಿಂಡರ್ ಹೆಡ್‌ನೊಳಗಿನ ಪುಟ್ಟ ಕೋಣೆಯಲ್ಲಿ ಉರಿಯುತ್ತದೆ. ಹೆಚ್ಚು ಒತ್ತಡ, ಹೆಚ್ಚು ಶಾಖ ಬಿದ್ದರೆ ಅಲ್ಲಿಯೇ ಬಿರುಕು ಬಿಡುವುದು. ಕೈಕೊಡದ ಎಂಜಿನ್ ಎಂದು ಕೊಂಡು, ಕೈಕೊಡುವಂತೆ ಬದಲಿಸಿಟ್ಟದ್ದನ್ನು ಮನೆಗೆ ತರಬೇಡಿ. ಅದೇ 80ರಲ್ಲಿ ಕಾರ್ಖಾನೆಯೇ ಟರ್ಬೊ ಕೊಟ್ಟ 1ಎಚ್‌ಡಿ-ಟಿ ಎಂಬ ಎಂಜಿನ್ ಬೇರೆ ಇದೆ. ಅದರ ಕನೆಕ್ಟಿಂಗ್ ರಾಡ್‌ನ ದೊಡ್ಡ ತುದಿಯ ಬೇರಿಂಗುಗಳು ಸವೆಯುವುದು ಬಲ್ಲವರಿಗೆಲ್ಲ ಗೊತ್ತಿರುವ ವಿಷಯ. ಆ ಗಾಡಿಯೂ ಲ್ಯಾಂಡ್ ಕ್ರೂಸರ್ ಹೆಸರನ್ನೇ ಹೊತ್ತಿದೆ, ಖ್ಯಾತಿಯೂ ಅದೇ, ಒಳಗಿನ ಕಥೆ ಮಾತ್ರ ಬೇರೆ.

ಡಿಫೆಂಡರ್‌ದು ಇದಕ್ಕೆ ತದ್ವಿರುದ್ಧ. ಅದು ಸೋರುತ್ತದೆ, ಕಿರುಗುಟ್ಟುತ್ತದೆ, ಮಳೆ ಬಂದರೆ ಒಳಗೂ ಹನಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಅದನ್ನು ಇಷ್ಟಪಟ್ಟು ಇಟ್ಟುಕೊಂಡವರು ಆಗಾಗ ಅಡಿಗೆ ಇಣುಕುತ್ತಲೇ ಇರುತ್ತಾರೆ. ಹತ್ತು ವರ್ಷದ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಜೋಡಿಸಿಟ್ಟ ಡಿಫೆಂಡರ್ ಮಾಲೀಕರನ್ನು ನಾನು ಕಂಡಿದ್ದೇನೆ. ಗಾಡಿಯ ಮೇಲಿನ ಪ್ರೀತಿ ನಿರ್ವಹಣೆಯಾಗಿ ಬದಲಾದಾಗ ಅದೂ ನಂಬಿಕಸ್ಥ ಗಾಡಿಯೇ ಆಗುತ್ತದೆ. ಇದು ಭಾವುಕತೆಯ ಮಾತಲ್ಲ. ವಾರದ ಕೊನೆಯಲ್ಲಿ ಒಂದು ಗಂಟೆ ಗ್ರೀಸ್ ಹೊಡೆಯಲು, ಬೋಲ್ಟ್ ಬಿಗಿಮಾಡಲು ಕೂರುವಷ್ಟು ಆ ಗಾಡಿ ನಿಮ್ಮನ್ನು ಎಳೆಯುತ್ತದೆ ಎಂದಾದರೆ, ಆ ಒಂದು ಗಂಟೆಗೆ ಯಂತ್ರದ ಲೆಕ್ಕದಲ್ಲೂ ಬೆಲೆಯಿದೆ.

ಇನ್ನು ನನ್ನ ಪ್ರಕಾರ ಅತಿ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಗಾಡಿ ಕೆಡುತ್ತದೆಯೇ ಎಂದು ಕೇಳುವುದಕ್ಕಿಂತ ಹೇಗೆ ಕೆಡುತ್ತದೆ ಎಂದು ಕೇಳಿ. ಹಳೆಯ ಗಾಡಿ ಯಾವುದಾದರೂ ಒಂದಲ್ಲ ಒಂದು ದಿನ ಕೆಡುವುದೇ. ಆದರೆ ಕೆಲವು ಮುನ್ಸೂಚನೆ ಕೊಟ್ಟು ಕೆಡುತ್ತವೆ, ಕೆಲವು ಏಕಾಏಕಿ ನಿಲ್ಲುತ್ತವೆ. ವೀಲ್ ಬೇರಿಂಗ್ ಹೋಗುವ ಮೊದಲು ಗುಂಯ್‌ಗುಡುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಸವೆದರೆ ಗೇರ್ ಹಾಕಿದಾಗ ಟಕ್ಕೆನ್ನುತ್ತದೆ. ರೇಡಿಯೇಟರ್ ಹೋಸ್ ಒಡೆಯುವ ಮೊದಲು ಉಬ್ಬಿ ಮೆತ್ತಗಾಗಿರುತ್ತದೆ. ಇವನ್ನೆಲ್ಲ ಕಿವಿ, ಕೈಗಳಿಂದಲೇ ಪತ್ತೆ ಮಾಡಬಹುದು, ಸ್ಪ್ಯಾನರ್ ಇದ್ದರೆ ಸರಿಪಡಿಸಬಹುದು. 300 ಟಿಡಿಐ ಈ ದೃಷ್ಟಿಯಲ್ಲಿ ಒಳ್ಳೆಯ ಎಂಜಿನ್. ಡೀಸೆಲ್ ಪಂಪ್ ಪೂರ್ತಿ ಯಾಂತ್ರಿಕ; ಒಮ್ಮೆ ಚಾಲೂ ಆಯಿತೆಂದರೆ ಡೀಸೆಲ್ಲನ್ನು ತಡೆಯುವ ಸೊಲೆನಾಯ್ಡ್‌ಗೆ (ಕರೆಂಟಿನಿಂದ ತೆರೆಯುವ ಕವಾಟ) ಕರೆಂಟ್ ಸಿಕ್ಕರೆ ಸಾಕು, ಓಡುತ್ತಿರುತ್ತದೆ. ಅದರ ದೌರ್ಬಲ್ಯ ಟೈಮಿಂಗ್ ಬೆಲ್ಟ್. ಮೊದಮೊದಲ ಎಂಜಿನ್‌ಗಳಲ್ಲಿ ಬೆಲ್ಟ್ ಸಾಲು ತಪ್ಪಿ ಒಂದು ಅಂಚು ಸವೆಯುತ್ತಿತ್ತು. ಆಮೇಲೆ ಅದಕ್ಕೆ ತಿದ್ದುಪಡಿ ಕಿಟ್ ಬಂತು. ನೀವು ನೋಡಿದ ಗಾಡಿಗೆ ಆ ಕಿಟ್ ಹಾಕಿದೆಯೇ ಎಂದು ಕೇಳಿ.

ಡಿಫೆಂಡರ್‌ಗೆ 1998ರಲ್ಲಿ ಬಂದ ಟಿಡಿ5 ಎಂಜಿನ್ ಬೇರೆ ರೀತಿಯದು. ಅದಕ್ಕೆ ಬೆಲ್ಟ್ ಇಲ್ಲ, ಚೈನ್ ಇದೆ. ಓಡಿಸಲು ಹೆಚ್ಚು ಚೆನ್ನ. ಆದರೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳ ವೈರಿಂಗ್ ಒಳಗೆ ಎಂಜಿನ್ ಆಯಿಲ್ ನಿಧಾನಕ್ಕೆ ನುಸುಳಿ ಕಂಪ್ಯೂಟರ್ ಬಾಕ್ಸಿನ ಕನೆಕ್ಟರ್‌ವರೆಗೆ ಬರುತ್ತದೆ. ಗೊತ್ತಿದ್ದವರು ಕನೆಕ್ಟರ್ ಬಿಚ್ಚಿ ಒರೆಸಿ ಮುಂದೆ ಹೋಗುತ್ತಾರೆ, ಗೊತ್ತಿಲ್ಲದವರು ಟೋ ಗಾಡಿಗೆ ಕಾಯುತ್ತಾರೆ. ಇನ್ನೂ ಮುಂದೆ ಹೋಗಿ 1994ರಿಂದ 2002ರವರೆಗಿನ ಎರಡನೇ ತಲೆಮಾರಿನ ರೇಂಜ್ ರೋವರ್ ತೆಗೆದುಕೊಂಡರೆ, ಗಾಳಿ ತುಂಬಿದ ಸಸ್ಪೆನ್ಶನ್, ಅದಕ್ಕೊಂದು ಕಂಪ್ರೆಸರ್, ಅದನ್ನು ಆಳುವ ಎಲೆಕ್ಟ್ರಾನಿಕ್ಸ್. ಅದರಲ್ಲಿ ಕುಳಿತರೆ ಏಳಲು ಮನಸ್ಸಾಗುವುದಿಲ್ಲ ನಿಜ, ಆದರೂ ಕಾಡಿನ ನಡುವೆ ಅದು ಕುಸಿದು ಕೂತರೆ ನಿಮ್ಮ ಟೂಲ್ ಬಾಕ್ಸಿನಿಂದ ಆಗುವ ಕೆಲಸ ಕಡಿಮೆ. ಅಂಥ ಗತ್ತಿಗೆ ನಾನು ತೂಕ ಕೊಡುವುದಿಲ್ಲ.

ಸುಜುಕಿ ಜಿಮ್ನಿಯಂಥ ಪುಟ್ಟ, ಗಟ್ಟಿ ಗಾಡಿಯಲ್ಲೂ ಇದೇ ಲೆಕ್ಕ. ಅದಕ್ಕೆ ಮೈಯಿಂದ ಪ್ರತ್ಯೇಕವಾದ ಚಾಸಿಸ್ (ಅಡಿಯ ಉಕ್ಕಿನ ಚೌಕಟ್ಟು) ಇದೆ, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎರಡು ಚಕ್ರ ಜೋಡಿಸುವ ಒಂದೇ ಅಚ್ಚು) ಇದೆ, ಎಂಜಿನ್ ಜುಜುಬಿ ಖರ್ಚಿನದು. ಆದರೂ 1998ರ ನಂತರದ ಮಾದರಿಗಳಲ್ಲಿ ಮುಂದಿನ ಚಕ್ರಗಳ ಹಬ್‌ಗಳನ್ನು ಅಚ್ಚಿಗೆ ಜೋಡಿಸುವುದು ವ್ಯಾಕ್ಯೂಮ್, ಅಂದರೆ ಕೊಳವೆಯಲ್ಲಿ ಗಾಳಿ ಹೀರುವ ಬಲ. ಒಂದು ರಬ್ಬರ್ ಕೊಳವೆ ಬಿರುಕು ಬಿಟ್ಟರೆ ಫೋರ್ ವೀಲ್ ಲೈಟ್ ಉರಿದರೂ ಮುಂದಿನ ಚಕ್ರ ಎಳೆಯದೇ ಇರಬಹುದು. ಕೆಸರಿಗೆ ಇಳಿದ ಮೇಲೆ ಅದು ತಿಳಿಯಬಾರದು. ಕೊಳ್ಳುವ ಮೊದಲೇ ಜಾಕ್ ಹಾಕಿ ಚಕ್ರ ಎತ್ತಿ ನೋಡಬೇಕು.

ಈಗ ಗತ್ತಿನ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳುವವರ ಮೇಲೆ ನನಗೆ ಸಿಟ್ಟಿದೆ. ಡಿಫೆಂಡರ್‌ನ ಆ ಚಪ್ಪಟೆ ಮೈ ಫ್ಯಾಷನ್ನಿಗೆ ಹುಟ್ಟಿದ್ದಲ್ಲ. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಮೊದಲ ಲ್ಯಾಂಡ್ ರೋವರ್ ಕಾಣಿಸಿಕೊಂಡಾಗ ಯುದ್ಧ ಮುಗಿದ ಬ್ರಿಟನ್ನಿನಲ್ಲಿ ಉಕ್ಕಿಗೆ ರೇಷನ್ ಇತ್ತು. ಅದಕ್ಕೇ ಅಲ್ಯುಮಿನಿಯಂ ಮಿಶ್ರಲೋಹದ ಹಾಳೆ, ಸುಲಭವಾಗಿ ಬಾಗಿಸಬಹುದಾದ ನೇರ ಗೆರೆಗಳು. ಆ ಗೆರೆಗಳು 2016ರ ಜನವರಿಯಲ್ಲಿ ಸೋಲಿಹಲ್‌ನಲ್ಲಿ ಕೊನೆಯ ಹಳೇ ಡಿಫೆಂಡರ್ ಹೊರಬೀಳುವವರೆಗೂ ಉಳಿದವು. ಅದರಿಂದ ಚಾಲಕನಿಗೆ ಸಿಗುವ ಲಾಭ ಇವತ್ತಿಗೂ ಇದೆ. ಎತ್ತರದ ಸೀಟು, ನೆಟ್ಟಗಿನ ಗಾಜು, ಬಾನೆಟ್ಟಿನ ಎರಡೂ ಮೂಲೆಗಳು ಕಣ್ಣಿಗೆ ಕಾಣುತ್ತವೆ. ಕಲ್ಲುಗಳ ನಡುವೆ ಚಕ್ರ ಎಲ್ಲಿದೆ ಎಂದು ಊಹಿಸಬೇಕಿಲ್ಲ. ನಾಲ್ಕೂ ಚಕ್ರ ಸದಾ ಎಳೆಯುತ್ತವೆ, ಮುಂದಿನ ಹಿಂದಿನ ಅಚ್ಚುಗಳನ್ನು ಒಂದೇ ವೇಗದಲ್ಲಿ ತಿರುಗಿಸುವ ನಡುವಿನ ಡಿಫ್ ಲಾಕ್‌ಗೆ ಒಂದು ಲಿವರ್. ಇಂಥ ಗತ್ತು ಕೆಲಸಕ್ಕೆ ಬರುತ್ತದೆ.

ನೋಟದ ಗತ್ತು ಬೇರೆ. ರೂಫ್ ರ್‍ಯಾಕ್, ಹೆಚ್ಚುವರಿ ಲೈಟು, ಸ್ನಾರ್ಕಲ್ (ಎಂಜಿನ್‌ಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ) ನೋಡಿ ಮರುಳಾದರೆ ಮೂರು ತಿಂಗಳಲ್ಲಿ ಮೋಹ ಇಳಿಯುತ್ತದೆ. ಎರಡನ್ನೂ ಬೇರ್ಪಡಿಸಲು ಒಂದು ದಾರಿಯಿದೆ. ಮಾಲೀಕರನ್ನು ಒಪ್ಪಿಸಿ ಗಾಡಿಯನ್ನು ಕನಿಷ್ಠ ಎರಡು ಗಂಟೆ ಓಡಿಸಿ. ಅರ್ಧ ಸಮಯ ಹೆದ್ದಾರಿಯಲ್ಲಿ, ಅರ್ಧ ಸಮಯ ಲೋ ರೇಂಜ್‌ನಲ್ಲಿ (ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಗೇರ್) ಏರು ಇಳಿವಿನಲ್ಲಿ. ಡಿಫೆಂಡರ್‌ನಲ್ಲಿ ಬಲ ಮೊಣಕೈ ಬಾಗಿಲಿಗೆ ತಾಗುತ್ತದೆ, ಹೆದ್ದಾರಿಯಲ್ಲಿ ಮಾತು ಕೇಳಿಸುವುದಿಲ್ಲ, ಕ್ಲಚ್ ಭಾರ. ಎರಡು ಗಂಟೆಯ ಕೊನೆಗೆ ಇಳಿದಾಗ ಇನ್ನೊಂದು ಸುತ್ತು ಹೋಗೋಣ ಅನ್ನಿಸಿದರೆ ನಿಮ್ಮ ಆಸೆ ಗಟ್ಟಿಯದು. ಬೆನ್ನು ಹಿಡಿದುಕೊಂಡು ಇಳಿದರೆ ಕ್ರೂಸರ್ ಹತ್ತಿರ ಹೋಗಿ. ಆ ಗಾಡಿಗೂ ಗತ್ತಿಲ್ಲ ಎನ್ನಬೇಡಿ; ಎರಡೂ ಆಕ್ಸಲ್ ಗಟ್ಟಿ, ಮೇಲೆ ಕಾಯಿಲ್ ಸ್ಪ್ರಿಂಗ್, ದಿನವಿಡೀ ಓಡಿಸಿದರೂ ದಣಿಸದ ಗಾಂಭೀರ್ಯ. ಅದನ್ನು ‘ಬರೀ ನಂಬಿಕಸ್ಥ’ ಎನ್ನುವವರು ಅದನ್ನು ಮರಳಿನಲ್ಲಿ ಓಡಿಸಿರಲಾರರು.

ನೀವು ಒಂದು ವಿಷಯ ಬರೆದಿಲ್ಲ: ಮನೆಯಲ್ಲಿ ಬೇರೆ ಗಾಡಿ ಇದೆಯೇ? ಇದೇ ಏಕೈಕ ಗಾಡಿಯಾಗಿದ್ದರೆ, ಬೆಳಗ್ಗೆ ಕೆಲಸಕ್ಕೆ, ರಾತ್ರಿ ಆಸ್ಪತ್ರೆಗೆ ಇದೇ ಬೇಕೆಂದಿದ್ದರೆ, ಚರ್ಚೆ ಬೇಡ, ಕ್ರೂಸರ್. ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಒಂಟಿಯಾಗಿ ದೂರದ ಹಾದಿಗೆ ಹೋಗುವ ಅಭ್ಯಾಸವಿದ್ದರೂ ಅದೇ ಉತ್ತರ. ದಾರಿಯಲ್ಲಿ ಬಾನೆಟ್ ಎತ್ತಿ ನಿಲ್ಲುವುದು ನಿಮಗೆ ಖುಷಿ ಇರಬಹುದು, ಹಿಂದಿನ ಸೀಟಿನಲ್ಲಿ ಕೂತವರಿಗೆ ಇರಬೇಕೆಂದಿಲ್ಲ. ಅವರ ಭಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದಿನದ ಓಡಾಟಕ್ಕೆ ಇನ್ನೊಂದು ಗಾಡಿ ಇದ್ದು, ಹಾದಿಗೆ ಇಳಿಯುವಾಗ ಜೊತೆಗೆ ಇನ್ನೊಬ್ಬರ ಗಾಡಿಯೂ ಇರುತ್ತದೆ ಎಂದಾದರೆ ಮನಸ್ಸಿಗೆ ಹಿಡಿಸಿದ್ದನ್ನು ಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಆದರೆ ಎರಡರಲ್ಲಿ ಯಾವುದಾದರೂ ಸರಿ, ಕೊನೆಯ ಮಾತು ಚಾಸಿಸ್‌ದು. ಎಂಜಿನ್ ಬದಲಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು, ತುಕ್ಕು ತಿಂದ ಚಾಸಿಸ್‌ನ ಖರ್ಚು ಮಾತ್ರ ಗಾಡಿಯ ಬೆಲೆಯನ್ನೇ ಮುಟ್ಟುತ್ತದೆ. ಡಿಫೆಂಡರ್‌ನ ಮೈ ಅಲ್ಯುಮಿನಿಯಂ ಆದ್ದರಿಂದ ತುಕ್ಕಿಲ್ಲ ಎಂದುಕೊಳ್ಳುತ್ತಾರೆ. ಅದರ ಚಾಸಿಸ್ ಮತ್ತು ಡ್ಯಾಶ್‌ಬೋರ್ಡ್ ಹಿಂದಿನ ಗೋಡೆ ಉಕ್ಕು. ಎರಡು ಲೋಹ ತಾಗುವಲ್ಲಿ ತೇವ ಸೇರಿದರೆ ಅಲ್ಯುಮಿನಿಯಂ ಕೂಡ ಬಿಳಿ ಪುಡಿಯಾಗುತ್ತದೆ. ಸಣ್ಣ ಸುತ್ತಿಗೆ ಹಿಡಿದು ಅಡಿಗೆ ಹೋಗಿ. ಹಿಂದಿನ ಅಡ್ಡಪಟ್ಟಿ, ಬದಿಗೆ ಚಾಚಿದ ತೋಳುಗಳು, ಮುಂದಿನ ಸೀಟಿನ ಕಾಲಿಡುವ ಜಾಗದ ಮೂಲೆಗಳನ್ನು ತಟ್ಟುತ್ತಾ ಬನ್ನಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ದಬ್ ಎನ್ನುತ್ತದೆ. ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಎರಡು ಪಟ್ಟು ಅನುಮಾನ ಪಡಿ. ಕ್ರೂಸರ್‌ನಲ್ಲಿ ಮುಂದಿನ ಚಕ್ರಗಳ ಹಿಂದಿರುವ ಗುಂಡಗಿನ ಸ್ಟೀರಿಂಗ್ ನಕಲ್ (ಚಕ್ರ ತಿರುಗುವ ಕೀಲು) ನೋಡಿ. ಅಲ್ಲಿ ಗ್ರೀಸ್ ಮತ್ತು ಆಯಿಲ್ ಬೆರೆತು ಕಪ್ಪಗೆ ಇಳಿಯುತ್ತಿದ್ದರೆ ಒಳಗಿನ ಸೀಲ್ ಹೋಗಿದೆ. ಅದು ಹೆದರುವ ವಿಷಯವಲ್ಲ, ಎರಡೂ ಕಡೆ ಬಿಚ್ಚಿ ಸೀಲ್, ಬೇರಿಂಗ್ ಹಾಕುವ ಕೆಲಸ. ಬೆಲೆ ಇಳಿಸಲು ಒಳ್ಳೆಯ ಕಾರಣ.

ಎಂಜಿನ್ ತಣ್ಣಗಿರುವಾಗಲೇ ಹೋಗಿ, ಚಾಲೂ ಆಗುವ ತೊಂದರೆ ಕಾಣುವುದು ಆಗಲೇ. ನೀವು ತಲುಪುವ ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಬನ್ನಿ.

ನನ್ನ ತೀರ್ಪು ಬೇಕೆಂದರೆ: ಬೇರೆ ಗಾಡಿ ಇದ್ದು, ಡಿಫೆಂಡರ್‌ನ ಚಾಸಿಸ್ ಗಟ್ಟಿಯಾಗಿದ್ದು, ಬೆಲ್ಟ್ ಬದಲಿಸಿದ ಕಾಗದ ಸಿಕ್ಕರೆ ಡಿಫೆಂಡರ್ ತಗೊಳ್ಳಿ. ಈ ಮೂರರಲ್ಲಿ ಒಂದು ತಪ್ಪಿದರೂ ಕ್ರೂಸರ್. ಯಾವುದನ್ನೇ ಕೊಂಡರೂ ಕೈಯಲ್ಲಿರುವ ಹಣ ಪೂರ್ತಿ ಸುರಿಯಬೇಡಿ. ಐದರಲ್ಲಿ ಒಂದು ಪಾಲನ್ನಾದರೂ ಮೊದಲ ವರ್ಷಕ್ಕೆ ಉಳಿಸಿ. ಬಂದ ಕೂಡಲೇ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಶಿಯಲ್‌ನ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಎಲ್ಲ ಹೋಸ್, ಬೆಲ್ಟ್ ಬದಲಿಸಿ, ದಿನಾಂಕ ಬರೆದಿಟ್ಟುಕೊಳ್ಳಿ. ಎರಡೂ ಗಾಡಿಗಳ ಅಡಿಭಾಗದ ಫೋಟೊಗಳನ್ನು ತೆಗೆದು ಕಾಮೆಂಟಿನಲ್ಲಿ ಹಾಕಿದರೆ ಕಣ್ಣಿಗೆ ಬಿದ್ದದ್ದನ್ನು ಹೇಳುತ್ತೇನೆ, ಹಿಂದಿನ ಅಡ್ಡಪಟ್ಟಿಯದು ಮಾತ್ರ ಹತ್ತಿರದಿಂದ ತೆಗೆಯಿರಿ.