ಟೀಮ್ ಲೀಡ್ ಆದ್ರೆ ಕಸುಬು ಹೋಗುತ್ತಾ?

ಪ್ರಶ್ನೆ: ಸರ್, ನಮ್ಮೂರು ಹಾಸನ. ಬೆಂಗಳೂರಲ್ಲಿ 6 ವರ್ಷದಿಂದ ಕೋಡ್ ಬರೆಯುತ್ತಿದ್ದೇನೆ. ಈಗ ಟೀಮ್ ಲೀಡ್ ಆಗು ಅನ್ನುತ್ತಿದ್ದಾರೆ. ಕಲಿತ ಕಸುಬು ಕೈ ತಪ್ಪುತ್ತೆ ಅಂತ ಭಯ.

ಉತ್ತರ: ಭಯ ಸುಳ್ಳಲ್ಲ, ಮೀಟಿಂಗ್‌ಗಳು ದಿನವನ್ನೇ ನುಂಗುತ್ತವೆ. ಆದ್ರೆ ಒಂದು ಮಾತು ಕೇಳಿ. ಮೂಡಿಗೆರೆ ಕಡೆ ಪರಿಚಯದವರ ತೋಟಕ್ಕೆ, ಕುಯ್ದ ಕಾಫಿ ಹಣ್ಣಿನ ತೂಕ ಬರೆದಿಡೋ ಆ್ಯಪ್ ಮಾಡಿದ್ದೆವು, ನೋಡೋಕೆ ಬಲು ಚೆಂದ. ಒಂದೇ ವಾರಕ್ಕೆ ತೋಟದ ಲೆಕ್ಕ ಬರೆಯೋ ರೈಟರ್ ಮತ್ತೆ ನೋಟ್‌ಬುಕ್ ಹಿಡಿದರು! ಮಂಜಿನಲ್ಲಿ ಒದ್ದೆಯಾದ, ಹಣ್ಣಿನ ಅಂಟು ಮೆತ್ತಿದ ಬೆರಳಿಗೆ ನಮ್ಮ ಪುಟ್ಟ ಬಟನ್ ಸಿಗುತ್ತಲೇ ಇರಲಿಲ್ಲ, 18 ಕೆಜಿ ಒತ್ತಿದರೆ 81 ಆಗುತ್ತಿತ್ತು. ಅದನ್ನು ಮೊದಲೇ ಹೇಳಿದ್ದು ಹೊಸದಾಗಿ ಸೇರಿದ್ದ ಹುಡುಗಿ. ಲೀಡ್ ಆಗಿದ್ದ ನಾನು ಕೇಳಲಿಲ್ಲ, ಸುಮ್ನೆ ಕೋಡ್ ಬರೆಯುತ್ತಾ ಕೂತಿದ್ದೆ.

ನಿಮ್ಮ ಜಿಲ್ಲೆಯ ಬೇಲೂರಿಗೇ ಹೋಗಿ ನೋಡಿ. 1117ರ ಚೆನ್ನಕೇಶವ ಗುಡಿ ಕಟ್ಟಿಸಿದ್ದು ವಿಷ್ಣುವರ್ಧನ, ಆದ್ರೆ ಶಿಲ್ಪಗಳ ಕೆಳಗೆ ದಾಸೋಜ, ಚಾವಣ ಅಂತ ಕೆತ್ತಿದವರ ಹೆಸರೂ ಇದೆ. ಕೆಲಸ ಮಾಡೋರ ಮಾತು ಕೇಳಿ, ಅವರ ಹೆಸರೂ ಉಳಿಸೋ ಅಂಥ ಲೀಡ್ ಆಗೋದಾದ್ರೆ ಒಪ್ಪಿಕೊಳ್ಳಿ. 6 ತಿಂಗಳಾದ ಮೇಲೆ ಬೇಡ ಅನಿಸಿದರೆ ವಾಪಸ್ ಕೋಡಿಂಗ್‌ಗೆ ಬರ್ತೀನಿ ಅಂತ ಮೊದಲೇ ಮೇಲ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಅಪ್ರೈಸಲ್ ಹೊತ್ತಿಗೆ ಯಾರಿಗೂ ನೆನಪಿರಲ್ಲ.